ಕರೆದರೂ ನಿಲ್ಲದ ಬಸ್ಸು

ಆ ಮನೆಯಲ್ಲಿ ಯಾರೂ ಏನನ್ನೂ ಹುಡುಕುತ್ತಿರಲಿಲ್ಲ. ಕೂಗುತ್ತಿದ್ದರು.

ಕಾಲುಚೀಲ ಸಿಗದಿದ್ದರೆ ಮಗ ಮಂಚದ ಕೆಳಗೆ ಬಗ್ಗಿ ನೋಡುವ ತಾಪತ್ರಯಕ್ಕೆ ಹೋಗದೆ "ಅಮ್ಮಾ" ಎಂದು ರಾಗ ಎಳೆಯುತ್ತಿದ್ದ. ಕಾಲೇಜಿಗೆ ಹೋಗುವ ಮಗಳಿಗೆ ಕೂದಲಿನ ಕ್ಲಿಪ್ಪು ಬೇಕಾದಾಗಲೂ ಅದೇ "ಅಮ್ಮಾ". ಕ್ಲಿಪ್ಪು ಅವಳ ತಲೆಯಲ್ಲೇ ಇರುತ್ತಿತ್ತು, ಆ ಮಾತು ಬೇರೆ. ಮನೆಯ ಯಜಮಾನ ವಿಮಾ ಕಚೇರಿಯಲ್ಲಿ ಗುಮಾಸ್ತ. ಯಾವ ಕಾಲದ ಕಡತ ಯಾವ ಕಪಾಟಿನಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲ ಮನುಷ್ಯ, ಮನೆಯ ಹೊಸ್ತಿಲು ದಾಟಿದನೋ, ಹಣೆಯ ಮೇಲೇ ಇರುವ ಕನ್ನಡಕಕ್ಕೂ "ಏನೇ, ಕೇಳಿಸ್ತಾ?" ಎನ್ನುತ್ತಿದ್ದ. ಇವರೆಲ್ಲರ ಮೇಲೆ ಅತ್ತೆ. ಅವರದ್ದು ಏನೂ ಕಳೆದಿರುತ್ತಿರಲಿಲ್ಲ. ಸೊಸೆ ಮನೆಯೊಳಗೇ ಇದ್ದಾಳೆಂದು ಖಾತ್ರಿ ಮಾಡಿಕೊಳ್ಳಲು ಆಗಾಗ "ಎಲ್ಲಿ ಹೋದೆಯೇ?" ಎಂದು ಒಂದು ಕೂಗು ಹಾಕುತ್ತಿದ್ದರು, ಅಷ್ಟೆ.

ಹೀಗೆ ಕೂಗಿಸಿಕೊಳ್ಳುತ್ತಿದ್ದವಳು ನಲವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಹೆಂಗಸು. ಅಗಲ ಭುಜ, ದೊಡ್ಡ ಅಂಗೈ. ಬಿಗಿಯಾದ ಡಬ್ಬಿಯ ಮುಚ್ಚಳ ತೆಗೆಯಲು ಅಕ್ಕಪಕ್ಕದ ಮನೆಯವರೂ ಅವಳ ಹತ್ತಿರವೇ ಬರುತ್ತಿದ್ದರು. ಅವಳು ಕರೆದವರಿಗೆಲ್ಲ ಓಗೊಡುತ್ತಿದ್ದಳು. ಒಲೆಯ ಮುಂದಿನಿಂದ ಮಗನ ಕೋಣೆಗೆ, ಅಲ್ಲಿಂದ ಬಚ್ಚಲಿಗೆ, ಬಚ್ಚಲಿನಿಂದ ಅತ್ತೆಯ ಮಂಚದ ಹತ್ತಿರಕ್ಕೆ. ಬಾಲ ಸುಟ್ಟ ಬೆಕ್ಕು ಕೂಡ ಇಷ್ಟು ಓಡಾಡಿದರೆ ಒಂದು ಮೂಲೆ ಹಿಡಿದು ಮಲಗಿಬಿಡುತ್ತದೆ. ಇವಳಿಗೆ ಆ ಮೂಲೆಯೂ ಇರಲಿಲ್ಲ.

ಇದ್ದದ್ದು ಮಾಳಿಗೆ. ಬಟ್ಟೆ ಒಣಹಾಕುತ್ತೇನೆಂದು ಬಕೆಟ್ಟು ಹಿಡಿದು ಮೇಲೆ ಹೋದರೆ ಬೇಗ ಇಳಿದು ಬರುತ್ತಿರಲಿಲ್ಲ. ಒಂದೊಂದು ಕಾಲುಚೀಲಕ್ಕೂ ಎರಡೆರಡು ಕ್ಲಿಪ್ಪು ಹಾಕಿ, ಅದು ನೇರವಾಗಿದೆಯೇ ಎಂದು ಒಂದು ಹೆಜ್ಜೆ ಹಿಂದೆ ಸರಿದು ನೋಡಿ, ವಾರೆ ಅನಿಸಿದರೆ ತೆಗೆದು ಮತ್ತೆ ಹಾಕುತ್ತಿದ್ದಳು. ಊರಿನಲ್ಲಿ ಅಷ್ಟು ಶಿಸ್ತಾಗಿ ಒಣಗಿದ ಕಾಲುಚೀಲಗಳು ಬೇರೆ ಇರಲಿಕ್ಕಿಲ್ಲ. ಕೆಳಗಿನಿಂದ ಕೂಗು ಬಂದರೆ ಗಾಳಿಗೆ ಕೇಳಿಸಲಿಲ್ಲ ಎನ್ನುವ ಒಂದು ನೆಪ ಅಲ್ಲಿ ಸಿಗುತ್ತಿತ್ತು. ಒಮ್ಮೊಮ್ಮೆ ಒದ್ದೆ ಬಟ್ಟೆಯ ಸಾಲಿನ ಹಿಂದೆ ನಿಂತು ಸುಮ್ಮನೆ ಅಳುತ್ತಲೂ ಇದ್ದಳು. ಯಾಕೆ ಎಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ. ಯಾರೂ ಹೊಡೆದಿಲ್ಲ, ಬೈದಿಲ್ಲ. ಎಲ್ಲರೂ ಕರೆಯುತ್ತಾರೆ, ಅದೂ ಪ್ರೀತಿಯಿಂದಲೇ. ಆದರೆ ಕರೆಯದೇ ಇದ್ದಾಗ ತಾನು ಯಾರು ಎಂಬುದು ಅವಳಿಗೆ ಮರೆತೇಹೋಗಿತ್ತು.

ಹಿಂದೊಮ್ಮೆ ಅದು ಚೆನ್ನಾಗಿ ಗೊತ್ತಿತ್ತು. ಅವಳ ಅಪ್ಪ ಇಟ್ಟಿಗೆ ಸಾಗಿಸುವ ಲಾರಿಯ ಡ್ರೈವರು. ಗಂಡುಮಕ್ಕಳಿಲ್ಲದ ಆ ಮನುಷ್ಯ ಇಟ್ಟಿಗೆ ಗೂಡಿನ ಬಯಲಿನಲ್ಲಿ ಮಗಳ ಬೆನ್ನಿಗೆ ಎರಡು ದಿಂಬು ಕೊಟ್ಟು ಕೂರಿಸಿ ಲಾರಿ ಕಲಿಸಿದ್ದ. ಕಾಲು ಕ್ಲಚ್ಚಿಗೆ ಸರಿಯಾಗಿ ಎಟುಕುವ ಮೊದಲೇ ಅವಳು ಆ ಲಾರಿಯನ್ನು ಗೂಡಿನ ಬಾಯಿಗೆ ಹಿಮ್ಮುಖವಾಗಿ ತಂದು ನಿಲ್ಲಿಸುತ್ತಿದ್ದಳು. ವಯಸ್ಸು ತುಂಬಿದ ಕೂಡಲೇ ದೊಡ್ಡ ಗಾಡಿಯ ಲೈಸೆನ್ಸು ಮಾಡಿಸಿ, ಒಂದೆರಡು ವರ್ಷ ಅಪ್ಪನ ಜೊತೆ ದೂರದೂರದ ಊರಿಗೆ ಲೋಡು ಹೊತ್ತದ್ದೂ ಇದೆ. ಆಮೇಲೆ ಮದುವೆ. ಗಂಡನ ಮನೆಯಲ್ಲಿ ಅದೊಂದು ನಗೆಚಾಟಿಕೆಯ ಕಥೆಯಾಯಿತು. ನೆಂಟರು ಬಂದಾಗ ಗಂಡ "ನಮ್ಮವಳು ಮೊದಲು ಲಾರಿ ಓಡಿಸ್ತಿದ್ಳು, ಗೊತ್ತಾ?" ಎನ್ನುತ್ತಿದ್ದ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಅವಳೂ ನಕ್ಕು ಚಹಾ ತರಲು ಒಳಗೆ ಹೋಗುತ್ತಿದ್ದಳು. ಆ ಗಂಡನೋ, ತನ್ನ ಪುಟ್ಟ ಕಾರನ್ನು ತುಂಬಿದ ಹಾಲಿನ ಪಾತ್ರೆ ಹಿಡಿದುಕೊಂಡು ಹೋಗುವವರ ಹಾಗೆ ಓಡಿಸುವವನು. ಪಕ್ಕದಲ್ಲಿ ಕೂತ ಅವಳ ಬಲಗಾಲು ಇಲ್ಲದ ಆಕ್ಸಿಲರೇಟರನ್ನು ಒತ್ತಿ ಒತ್ತಿ ನೋಯುತ್ತಿತ್ತು. ಲೈಸೆನ್ಸನ್ನು ಮಾತ್ರ ಅವಧಿ ಮುಗಿಯುವ ಮುನ್ನ ತಪ್ಪದೆ ನವೀಕರಿಸುತ್ತಿದ್ದಳು. ಯಾರಾದರೂ ಯಾಕೆ ಎಂದರೆ "ಇರಲಿ ಬಿಡಿ" ಎನ್ನುವಳು.

ಒಂದು ದಿನ ಮಾರುಕಟ್ಟೆಯಿಂದ ಎರಡೂ ಕೈಯಲ್ಲಿ ಚೀಲ ಹಿಡಿದು ಸಿಟಿ ಬಸ್ಸು ಹತ್ತಿದಳು. ಸೀಟು ಸಿಕ್ಕಿತೋ ಇಲ್ಲವೋ ಫೋನು ಬಡಿದುಕೊಂಡಿತು. ಮಗನಿಗೆ ಅಂಟು ಬೇಕಂತೆ. ಇಟ್ಟಳು. ಮತ್ತೆ ಬಡಿದುಕೊಂಡಿತು. ಅತ್ತೆಗೆ ಅವಳು ಎಲ್ಲಿದ್ದಾಳೆಂದು ತಿಳಿಯಬೇಕಂತೆ. ಮೂರನೆಯದು ಗಂಡನದು, ಕಚೇರಿಯಿಂದ, ಸಂಜೆ ತಾನು ಯಾರನ್ನೋ ನೋಡಲು ಹೋಗಬೇಕಿತ್ತಲ್ಲ, ಅದು ಯಾರನ್ನು ಎಂದು ಕೇಳಲು. ಬೇಸತ್ತು ತಲೆ ಎತ್ತಿದವಳ ಕಣ್ಣಿಗೆ ಡ್ರೈವರನ ತಲೆಯ ಮೇಲಿದ್ದ ಕೆಂಪಕ್ಷರದ ಹಲಗೆ ಬಿತ್ತು. "ಬಸ್ಸು ಚಲಿಸುತ್ತಿರುವಾಗ ಚಾಲಕರೊಂದಿಗೆ ಮಾತನಾಡಬಾರದು."

ಆ ಹಲಗೆಯನ್ನು ಅವಳು ಅದಕ್ಕೂ ಮೊದಲು ನೂರು ಸಲ ನೋಡಿರಬೇಕು. ಓದಿದ್ದು ಅವತ್ತೇ. ಬಸ್ಸಿನ ತುಂಬ ಜನ. ಕಾಲಿಡಲು ಜಾಗವಿಲ್ಲ, ಸಂತೆಯ ಹಾಗೆ ಗದ್ದಲ. ಇಷ್ಟು ಜನರ ನಡುವೆ ಆ ಡ್ರೈವರು ಹಾಯಾಗಿ ಕೂತಿದ್ದಾನೆ, ಒಬ್ಬರಾದರೂ ಅವನನ್ನು ಕರೆಯಬೇಕಲ್ಲ! ಕರೆಯಬಾರದೆಂದು ಸರ್ಕಾರವೇ ಬರೆಸಿ ಹಾಕಿದೆ! ಅವಳಿಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಮುದುಕ ಸ್ವಲ್ಪ ಸರಿದು ಕೂತ.

ಇಳಿಯುವಾಗ ಬಾಗಿಲ ಪಕ್ಕದ ಗಾಜಿಗೆ ಅಂಟಿಸಿದ್ದ ಕಾಗದ ನೋಡಿದಳು. ಸಿಟಿ ಬಸ್ಸಿಗೆ ಮಹಿಳಾ ಚಾಲಕರು ಬೇಕಾಗಿದ್ದಾರೆ, ದೊಡ್ಡ ಗಾಡಿಯ ಲೈಸೆನ್ಸು ಇರಬೇಕು, ತರಬೇತಿ ಕೊಡಲಾಗುವುದು, ಕೊನೆಗೆ ಪರೀಕ್ಷೆ ಇರುತ್ತದೆ. ಅವಳು ಮೆಟ್ಟಿಲ ಮೇಲೇ ನಿಂತುಬಿಟ್ಟಳು. "ಇಳೀತೀರೋ ಇಲ್ವೋ ತಾಯಿ?" ಎಂದು ಕಂಡಕ್ಟರು ಗದರಿದ.

ಸಂಜೆ ಊಟದ ಮೇಜಿನಲ್ಲಿ ಸುದ್ದಿ ಹೇಳಿದಾಗ ಗಂಡ ಮೊದಲು ಹಳೆ ಅಭ್ಯಾಸದಂತೆ ನಕ್ಕ. ಅವಳು ನಗಲಿಲ್ಲ. ಅವನ ನಗು ಅರ್ಧದಲ್ಲಿ ನಿಂತು, ತುತ್ತು ಗಂಟಲಲ್ಲಿ ಸಿಕ್ಕಿ, ನೀರು ಕುಡಿಯಬೇಕಾಯಿತು.

"ನಿಜವಾಗ್ಲೂನಾ?" ಎಂದ.

"ಹೂಂ ರೀ. ನಿಜವಾಗ್ಲೂ."

"ಹಾರ್ನು ನಾನು ಹೊಡೀಲಾ?" ಎಂದು ಮಗ ಕುರ್ಚಿಯಿಂದ ಎದ್ದೇಬಿಟ್ಟ.

ಮಗಳು ಮೂಗು ಮುರಿದಳು. "ನಮ್ಮ ಕಾಲೇಜಿನ ರೂಟಿಗೆ ಮಾತ್ರ ಬರ್ಬೇಡ ಕಣಮ್ಮ. ದಮ್ಮಯ್ಯ."

ಅತ್ತೆ ತುಟಿ ಪಿಟಕ್ಕೆನ್ನದೆ ತಟ್ಟೆಯಲ್ಲಿದ್ದದ್ದನ್ನೆಲ್ಲ ಮುಗಿಸಿದರು. ಅವರು ಮಾತಾಡದೆ ತಿಂದರೆ ಏನೋ ಇದೆ ಎಂದೇ ಅರ್ಥ. ಕೊನೆಗೆ ಕೈ ತೊಳೆದು ಬಂದು, ಒರೆಸಿಕೊಳ್ಳುತ್ತಾ ಕೇಳಿದರು. "ಮನೆ ನೋಡೋರು ಯಾರು?"

"ಎಲ್ಲರೂ ಇದೀರಲ್ಲ ಅತ್ತೆ."

"ಎಲ್ಲರೂ ಇರೋ ಕಡೆ ಯಾರೂ ಇರಲ್ಲ. ನನಗೆ ಗೊತ್ತು." ಅತ್ತೆ ಸೊಸೆಯ ಮುಖವನ್ನು ಒಂದು ಗಳಿಗೆ ನೋಡಿದರು. "ಆಯ್ತು, ಆಸೆ ಅಂದಮೇಲೆ ಒಂದು ಸಲ ಹೋಗಿ ನೋಡು. ಒಂದೇ ಸಲ. ಪರೀಕ್ಷೆ ಪಾಸಾದ್ರೆ ನಾನು ಮಾತಾಡಲ್ಲ. ಫೇಲಾದ್ರೆ ಈ ಮಾತು ಮತ್ತೆ ಈ ಮನೇಲಿ ಎತ್ತಬಾರದು. ಒಪ್ಪಿಗೆನಾ?"

ಅವಳು ಒಪ್ಪಿದಳು. ಫೇಲಾದರೆ ಮುಂದೆ ಬರೀ ಕಾಲುಚೀಲ ಎಂದು ಅವಳಿಗೆ ಗೊತ್ತಿತ್ತು.

ಡಿಪೋ ಮನೆಯಿಂದ ಅಷ್ಟೇನೂ ದೂರವಿರಲಿಲ್ಲ. ಡೀಸೆಲು, ಗ್ರೀಸು, ಬಿಸಿ ರಬ್ಬರಿನ ವಾಸನೆ ಮೂಗಿಗೆ ಬಡಿದ ಕೂಡಲೇ ಅವಳಿಗೆ ತವರುಮನೆಗೆ ಬಂದ ಹಾಗಾಯಿತು. ಕಲಿಸುವವರನ್ನು ಎಲ್ಲರೂ ಬ್ರೇಕ್ ಮೇಷ್ಟ್ರು ಎನ್ನುತ್ತಿದ್ದರು. ಸಣ್ಣ ಆಳು, ದೊಡ್ಡ ಮೀಸೆ. ಜೀವನದಲ್ಲಿ ಎಷ್ಟು ಜನ ಕಲಿಯುವವರ ಪಕ್ಕ ಕೂತಿದ್ದರೋ, ನಿದ್ದೆಯಲ್ಲೂ "ಬ್ರೇಕ್! ಬ್ರೇಕ್!" ಎಂದು ಕೂಗುತ್ತಾರೆಂದು ಅವರ ಹೆಂಡತಿಯೇ ಹೇಳಿದ್ದಳಂತೆ. ಮೊದಲ ದಿನ ಅವಳು ಬಸ್ಸಿಗೆ ಹತ್ತಿ, ಸೀಟು ಹಿಂದೆ ತಳ್ಳಿ, ಕನ್ನಡಿಗಳನ್ನು ತಿರುಗಿಸಿಕೊಂಡು, ಗೇರು ಹಾಕಿದ ರೀತಿಗೇ ಅವರ ಮೀಸೆ ಅಲುಗಿತು.

"ಎಲ್ಲಿ ಕಲಿತಿದ್ದು?"

"ಅಪ್ಪನ ಲಾರಿ ಸಾರ್."

ಕೈ ಏನನ್ನೂ ಮರೆತಿರಲಿಲ್ಲ. ತೊಟ್ಟಿಲ ಮಗುವನ್ನು ಮಲಗಿಸುವಷ್ಟು ನಾಜೂಕಾಗಿ ಕ್ಲಚ್ಚು ಬಿಡುತ್ತಿದ್ದಳು. ಆ ದೊಡ್ಡ ಸ್ಟಿಯರಿಂಗು ಅವಳ ದೊಡ್ಡ ಅಂಗೈಯಲ್ಲಿ ತಾನಾಗಿ ಸುತ್ತುತ್ತಿತ್ತು. ಬಸ್ಸು ಅವಳು ಹೇಳಿದ ಕಡೆ ಹೋಗುತ್ತಿತ್ತು, ನಿಲ್ಲು ಎಂದರೆ ನಿಲ್ಲುತ್ತಿತ್ತು. ಹೇಳಿದ ಮಾತು ಕೇಳುವ ಪ್ರಾಣಿ ಈ ಲೋಕದಲ್ಲಿ ಇನ್ನೂ ಇದೆಯಲ್ಲ ಎಂದು ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಬಯಲಿನ ಎರಡು ಸುತ್ತು ಮುಗಿಯುವವರೆಗೂ ಬಾಯಿ ಮುಚ್ಚಲೇ ಇಲ್ಲ, ಹಾಡಿಕೊಳ್ಳುತ್ತಿದ್ದಳು. ಮೇಷ್ಟ್ರು ಅಡ್ಡಿ ಮಾಡಲಿಲ್ಲ.

ಅಷ್ಟರಲ್ಲಿ ಏನೂ ಕಾರಣವಿಲ್ಲದೆ ಬಸ್ಸು ಗಕ್ಕನೆ ನಿಂತಿತು. ಮೇಷ್ಟ್ರ ಹಣೆ ಮುಂದಿನ ಗಾಜಿಗೆ ಬಡಿಯಿತು.

"ಏನಮ್ಮಾ! ಯಾಕೆ ನಿಲ್ಸಿದ್ದು?"

ಅವಳಿಗೇ ಗೊತ್ತಿರಲಿಲ್ಲ. ಕಾಲು ನೋಡಿದಳು. ಬ್ರೇಕಿನ ಮೇಲಿತ್ತು. "ಯಾರೋ ಕರೆದ್ರು ಸಾರ್."

"ಯಾರು?"

ಡಿಪೋ ಗೋಡೆಯ ಆಚೆ ಮಕ್ಕಳ ಆಟದ ಮೈದಾನ. ಯಾವುದೋ ಮಗು ಬಿದ್ದು "ಅಮ್ಮಾ" ಎಂದಿತ್ತು. ಅದರ ಅಮ್ಮ ಅಲ್ಲೇ ಬೆಂಚಿನ ಮೇಲೆ ಕೂತು ಹರಟುತ್ತಿದ್ದಳು, ತಿರುಗಿಯೂ ನೋಡಲಿಲ್ಲ. ಇಲ್ಲಿ ಗೋಡೆಯ ಈಚೆ ಇಡೀ ಬಸ್ಸೇ ನಿಂತಿತ್ತು.

ಅದೊಂದೇ ದಿನವಾಗಿದ್ದರೆ ಸರಿ. ಆ ಮೈದಾನದ ಮಕ್ಕಳಿಗೆ ಬೀಳುವುದೇ ಕಸುಬು. "ಅಮ್ಮಾ" ಎಂದಾಗಲೆಲ್ಲ ಅವಳ ಬಲಗಾಲು ಅವಳನ್ನು ಕೇಳದೆ ಬ್ರೇಕಿಗೆ ಹಾರುತ್ತಿತ್ತು. ಮೇಷ್ಟ್ರು ಮಾತಿಗೊಮ್ಮೆ "ನೋಡಮ್ಮಾ", "ತಿರುಗಿಸಮ್ಮಾ" ಎಂದರೂ ಅದೇ ಗತಿ. ಹಣೆಯ ಮೇಲೆ ಎರಡನೆಯ ಬುಗುಟು ಎದ್ದ ಮೇಲೆ ಅವರು ಮಾತು ಬದಲಿಸಿದರು. "ಇನ್ನು ಮೇಲೆ ನೀನು ಲಾರಿಯಕ್ಕ. ಅಮ್ಮ ಗಿಮ್ಮ ಏನೂ ಇಲ್ಲ." ಆ ಹೆಸರು ಡಿಪೋದ ಮೆಕ್ಯಾನಿಕ್ಕುಗಳಿಂದ ಹಿಡಿದು ಕ್ಯಾಂಟೀನಿನವನವರೆಗೂ ಅಂಟಿಕೊಂಡಿತು. ಮೊದಲ ಸಲ ಕೇಳಿದಾಗ ಅವಳು ತಿರುಗಿ ಯಾರನ್ನು ಕರೆಯುತ್ತಿದ್ದಾರೆಂದು ನೋಡಿದಳು. ಆಮೇಲೆ ಯಾರಾದರೂ ಕರೆಯಲಿ ಎಂದು ಬೇಕೆಂದೇ ಕ್ಯಾಂಟೀನಿನ ಮುಂದೆ ಹಾದು ಹೋಗುತ್ತಿದ್ದಳು. ಇದನ್ನು ನಾನು ಹೇಳಿದೆನೆಂದು ಅವಳಿಗೆ ತಿಳಿಸಬೇಡಿ.

ಹೆಸರೇನೋ ಬದಲಾಯಿತು, ಕಾಲು ಬದಲಾಗಲಿಲ್ಲ. ಮೇಷ್ಟ್ರು ಒಂದು ದಿನ ಕೂರಿಸಿಕೊಂಡು ಬಿಚ್ಚಿ ಹೇಳಿದರು.

"ನೋಡು ಲಾರಿಯಕ್ಕ, ನಿನಗೆ ಕಲಿಸೋದಕ್ಕೆ ನನ್ನ ಹತ್ರ ಏನೂ ಉಳಿದಿಲ್ಲ. ಆದರೆ ಪರೀಕ್ಷೇಲಿ ಸಾಲಾಗಿ ಇಟ್ಟ ಖಾಲಿ ಡ್ರಮ್ಮುಗಳ ಮಧ್ಯೆ ಹಾವಿನ ಹಾಗೆ ರಿವರ್ಸ್ ಬರಬೇಕು. ಮಧ್ಯೆ ಎಲ್ಲೂ ನಿಲ್ಲಿಸೋ ಹಾಗಿಲ್ಲ. ನಿಂತರೆ ಫೇಲು. ನೀನು ಯಾರ್ದೋ ಮಗು ಕೂಗಿತು ಅಂತ ನಿಂತರೆ ಆ ಅಧಿಕಾರಿಗಳು ಕೇಳ್ತಾರಾ?"

"ನಾನು ನಿಲ್ಲಿಸ್ತಾ ಇಲ್ಲ ಸಾರ್. ಕಾಲು ನಿಲ್ಲಿಸುತ್ತೆ."

"ಕಾಲು ಯಾರದು?"

ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಪ್ರಶ್ನೆಯೇ ಅವಳ ತಲೆ ಕೊರೆಯಿತು. ಮನೆ ತಲುಪಿ ಚಪ್ಪಲಿ ಬಿಡುವಷ್ಟರಲ್ಲಿ ಒಳಗಿನಿಂದ "ಅಮ್ಮಾ, ರಿಮೋಟ್ ಎಲ್ಲಿ?" ಎಂದು ಕೂಗು ಬಂತು. ಕಾಲು ಆಗಲೇ ಆ ಕಡೆಗೆ ಹೊರಟಿತ್ತು.

ಪರೀಕ್ಷೆಯ ದಿನ ಬೆಳಗ್ಗೆ ಒಂದು ಆಶ್ಚರ್ಯ ನಡೆಯಿತು. ಇಡೀ ಮನೆ ಅವಳನ್ನು ಬೀಳ್ಕೊಡಲು ಗೇಟಿನವರೆಗೆ ಬಂತು. ಮೊದಲು ಮಗ ಟಾಟಾ ಮಾಡುತ್ತೇನೆಂದು ಓಡಿದ. ಅವನನ್ನು ಹಿಡಿಯಲು ಮಗಳು. ಮೇಲೆ ಇಸ್ತ್ರಿ ಮಾಡಿದ ಆಫೀಸಿನ ಅಂಗಿ, ಕೆಳಗೆ ಮನೆಯ ಚಡ್ಡಿ ಎಂಬ ಅವತಾರದಲ್ಲಿ ಗಂಡ. ಕೊನೆಗೆ ಅತ್ತೆಯೂ ಬಂದರು. ಗೇಟು ಸರಿಯಾಗಿ ಹಾಕಿದ್ದಾಳೋ ಇಲ್ಲವೋ ನೋಡಲು ಬಂದೆ ಎಂದು ಅವರು ಗಟ್ಟಿಯಾಗಿಯೇ ಹೇಳಿದರು. ಲಾರಿಯಕ್ಕ ಕೈ ಬೀಸಿ, ತಿರುವಿನಲ್ಲಿ ಮರೆಯಾದಳು. ಅವಳು ಮರೆಯಾದ ಗಳಿಗೆಗೇ ಗಾಳಿ ಬೀಸಿ, ಮನೆಯ ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು. ಒಳಗಿನ ಬೀಗ ತಾನಾಗಿ ಬಿತ್ತು.

ನಾಲ್ವರೂ ಬಾಗಿಲನ್ನು ನೋಡಿದರು. ಆಮೇಲೆ ಒಬ್ಬರನ್ನೊಬ್ಬರು ನೋಡಿದರು.

"ಕೀ?" ಎಂದ ಗಂಡ.

"ಅಮ್ಮನ ಹತ್ರ," ಎಂದರು ಮಕ್ಕಳು ಒಂದೇ ಉಸಿರಿಗೆ. ಆ ಮನೆಯಲ್ಲಿ ಕೀ ಇನ್ನೆಲ್ಲಿರುತ್ತದೆ? ಫೋನುಗಳು ಒಳಗೆ, ಶಾಲೆಯ ಚೀಲ ಒಳಗೆ, ಗಂಡನ ಪ್ಯಾಂಟೂ ಒಳಗೆ. ಹೀಗೆ ಆ ಮೆರವಣಿಗೆ ಹೊರಟಿತು. ಮುಂದೆ ಅರ್ಧ ಸಾಹೇಬನಾಗಿ ಗಂಡ, ಹಿಂದೆ ಮುಖ ಮುಚ್ಚಿಕೊಂಡ ಮಗಳು, ಅಜ್ಜಿಯ ಕೈ ಹಿಡಿದು ಎಳೆಯುತ್ತಾ ಮಗ. ಬೀದಿಯವರು ಕಣ್ಣು ಬಾಯಿ ಬಿಟ್ಟು ನೋಡಿದರು.

ಡಿಪೋದಲ್ಲಿ ಅಷ್ಟರಲ್ಲಿ ಲಾರಿಯಕ್ಕನ ಸರದಿ ಬಂದಿತ್ತು. ಒಬ್ಬ ಅಧಿಕಾರಿ ಬಸ್ಸಿನೊಳಗೆ, ಇನ್ನೊಬ್ಬ ಹೊರಗೆ ಡ್ರಮ್ಮುಗಳ ಪಕ್ಕ. ಮೇಷ್ಟ್ರು ದೂರದಲ್ಲಿ ನಿಂತು ಮೀಸೆ ಕಚ್ಚುತ್ತಿದ್ದರು. ಅದೃಷ್ಟಕ್ಕೆ ಮೈದಾನದಲ್ಲಿ ಅವತ್ತು ಮಕ್ಕಳಿರಲಿಲ್ಲ. ಅವಳು ರಿವರ್ಸ್ ಗೇರು ಹಾಕಿದಳು. ಬಸ್ಸು ಮೆಲ್ಲಗೆ ಹಿಂದಕ್ಕೆ ಸರಿಯಿತು. ಮೊದಲ ಡ್ರಮ್ಮು ಎಡಗನ್ನಡಿಯಲ್ಲಿ ಬಂದು ಹೋಯಿತು. ಎರಡನೆಯದು ಬಲಗನ್ನಡಿಯಲ್ಲಿ. ಬಾಲ ತಿರುಗಿತು, ತಲೆ ಹಿಂದೆಯೇ ಬಂತು, ಎಲ್ಲೂ ತಗಲಲಿಲ್ಲ.

ಆಗ ಬಂತು ಕೂಗು.

"ಅಮ್ಮಾ!"

ಅದು ಯಾವುದೋ ಮಗುವಿನದಲ್ಲ. ಸಾವಿರ ಮಕ್ಕಳ ನಡುವೆಯೂ ಅವಳು ಗುರುತಿಸುವ ದನಿ. "ಅಮ್ಮಾ! ಅಮ್ಮಾ! ನಿಲ್ಲೂ!" ಜೊತೆಗೆ ಮಗಳದು. ಜೊತೆಗೆ, "ಏನೇ! ಕೇಳಿಸ್ತಾ?"

ಬಲಗಾಲು ಆಗಲೇ ಎದ್ದಿತ್ತು. ಬ್ರೇಕಿನ ಮೇಲೆ ಹೋಗಿ ಕೂತೇಬಿಟ್ಟಿತ್ತು, ಒತ್ತುವುದೊಂದು ಬಾಕಿ. ಅವಳು ಕನ್ನಡಿ ನೋಡಿದಳು. ಡಿಪೋದ ಗೇಟಿನ ಹಗ್ಗದ ಆಚೆ ಅವಳ ಇಡೀ ಸಂಸಾರ ನಿಂತಿತ್ತು. ಮಗ ಇದ್ದಾನೆ, ಮಗಳು ಇದ್ದಾಳೆ, ಗಂಡ ಇದ್ದಾನೆ, ಚಡ್ಡಿಯಲ್ಲಿದ್ದಾನೆ, ಆದರೂ ಇದ್ದಾನೆ. ಅತ್ತೆ ತಮ್ಮ ಕಾಲ ಮೇಲೇ ನಿಂತಿದ್ದಾರೆ. ಯಾರಿಗೂ ಗಾಯವಿಲ್ಲ, ಯಾರೂ ಅಳುತ್ತಿಲ್ಲ. ಮಗನ ಕೂಗಿನಲ್ಲಿ ನೋವಿನ ಎಳೆ ಇರಲಿಲ್ಲ. ಅದು ಕಾಲುಚೀಲದ ಕೂಗು. ತಾಯಿಯಾದವಳಿಗೆ ಅಷ್ಟು ಗೊತ್ತಾಗದೆ?

ಅವಳು ಕಾಲನ್ನು ಬ್ರೇಕಿನಿಂದ ತೆಗೆದಳು. ತೆಗೆಯುವುದು ಸುಲಭವಿರಲಿಲ್ಲ, ಇಷ್ಟು ವರ್ಷದ ಅಭ್ಯಾಸ ಆ ಕಾಲಿನಲ್ಲಿತ್ತು. ಕಣ್ಣಲ್ಲಿ ನೀರು ಬಂತು. ಆದರೂ ಬಸ್ಸು ನಿಲ್ಲಲಿಲ್ಲ. ಮೂರನೆಯ ಡ್ರಮ್ಮು ದಾಟುವಾಗ ಮಗ ಹಗ್ಗದ ಕೆಳಗೆ ನುಸುಳಲು ಬಗ್ಗಿದ್ದನ್ನು ಅವಳು ಕಂಡಳು. ಮತ್ತೆ ಕೂಗಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಅತ್ತೆ ಅವನ ಕಾಲರು ಹಿಡಿದು ಹಿಂದಕ್ಕೆ ಎಳೆದು, ತಮ್ಮ ಅಂಗೈಯನ್ನು ಅವನ ಬಾಯಿಗೆ ಅಡ್ಡ ಹಿಡಿದರು.

ಆಮೇಲೆ ಯಾವ ಕೂಗೂ ಬರಲಿಲ್ಲ. ಕೊನೆಯ ಡ್ರಮ್ಮನ್ನು ಸುತ್ತಿ, ಬಿಳಿ ಗೆರೆಗಳ ನಡುವೆ ಬಸ್ಸನ್ನು ತಂದು, ಅವಳು ತಾನು ನಿಲ್ಲಿಸಬೇಕೆಂದಾಗ ನಿಲ್ಲಿಸಿದಳು.

ಪಾಸು ಎಂದು ಅಧಿಕಾರಿ ತಲೆಯಾಡಿಸಿದ ಮೇಲೆ ಮೇಷ್ಟ್ರು ಓಡಿ ಬಂದರು. "ಇವತ್ತು ಕರೆದಿದ್ದು ನಿಜವಾಗ್ಲೂ ನಿನ್ನನ್ನೇ, ಅಲ್ವಾ?"

"ಹೌದು ಸಾರ್."

"ಕೇಳಿಸಲಿಲ್ವಾ?"

"ಕೇಳಿಸ್ತು ಸಾರ್." ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ನಕ್ಕಳು.

ಹಗ್ಗದ ಹತ್ತಿರ ಹೋದಾಗ ನಾಲ್ವರೂ ಒಟ್ಟಿಗೇ ಮಾತಾಡಿದರು. ಬಾಗಿಲು, ಗಾಳಿ, ಕೀ, ಪ್ಯಾಂಟು. ಎಲ್ಲವನ್ನೂ ಕೇಳಿಸಿಕೊಂಡು ಅವಳು ಗಂಡನನ್ನು ನೋಡಿದಳು. "ಬೆಳಗ್ಗೆ ಪರೀಕ್ಷೆಗೆ ಚೀಲ ತಗೊಂಡು ಹೋಗೋ ಹಾಗಿಲ್ಲ ಅಂತ ಹೇಳಿ ಕೀನ ನಿಮ್ಮ ಕೈಗೇ ಕೊಟ್ಟೆನಲ್ರೀ. ಹೂಂ ಅಂದ್ರಿ. ಅಂಗಿ ಜೇಬು ನೋಡಿ."

ಅವನು ಜೇಬಿಗೆ ಕೈ ಹಾಕಿದ. ಕೀ ಗೊಂಚಲು ಕಿಣಿಕಿಣಿ ಎಂದಿತು. ಡಿಪೋದ ಮೆಕ್ಯಾನಿಕ್ಕುಗಳೆಲ್ಲ ನೋಡುತ್ತಿದ್ದಾಗ, ಅರ್ಧ ಆಫೀಸು ಅರ್ಧ ಮನೆಯಾಗಿ ನಿಂತಿದ್ದ ಆ ಮನುಷ್ಯ ಪೆಚ್ಚು ಮೋರೆ ಹಾಕಿಕೊಂಡ. ದಾರಿಯುದ್ದಕ್ಕೂ ಅದು ಸದ್ದು ಮಾಡುತ್ತಲೇ ಬಂದಿತ್ತು, ಯಾರೂ ಕಿವಿಗೊಟ್ಟಿರಲಿಲ್ಲ. ಮಗಳು ಮೊದಲು ನಕ್ಕಳು, ಆಮೇಲೆ ಅವನೇ ಎಲ್ಲರಿಗಿಂತ ಜೋರಾಗಿ ನಕ್ಕ.

ಮಗ ಮಾತ್ರ ಮುಖ ಊದಿಸಿಕೊಂಡಿದ್ದ. "ಕೂಗಿದ್ರೂ ನೀನು ನಿಲ್ಲಿಸಲಿಲ್ಲ."

"ಹೌದು ಪುಟ್ಟ. ನಿಲ್ಲಿಸಲಿಲ್ಲ," ಎಂದಳು. ಕ್ಷಮೆ ಕೇಳಲಿಲ್ಲ. ಅವನ ತಲೆ ಸವರಿದಳು.

ಅತ್ತೆ ಆಡಿದ ಮಾತಿನಂತೆ ನಡೆದುಕೊಂಡರು, ಏನೂ ಮಾತಾಡಲಿಲ್ಲ. ಆ ದಿನ ಮಾತ್ರವಲ್ಲ, ಮುಂದಿನ ದಿನಗಳಲ್ಲೂ ಆ ವಿಷಯಕ್ಕೆ ಬರಲಿಲ್ಲ. ಸೊಸೆಗೆ ಅದೇ ಮುಳ್ಳಾಯಿತು. ಬೈದಿದ್ದರೆ ಎಷ್ಟೋ ವಾಸಿ.

ರೂಟಿನ ಮೊದಲ ದಿನ ಬೆಳಗಿನ ಗದ್ದಲ ಇಳಿದ ಮೇಲೆ, ಬಸ್ಸು ಅವರ ಬೀದಿಯ ಸ್ಟಾಪಿಗೆ ಬಂದಾಗ, ಅತ್ತೆ ಅಲ್ಲಿ ನಿಂತಿದ್ದರು. ಒಳ್ಳೆಯ ಸೀರೆ, ಕೈಯಲ್ಲಿ ಚಿಕ್ಕ ಚೀಲ, ಜೊತೆಗೆ ಯಾರೂ ಇಲ್ಲ. ಲಾರಿಯಕ್ಕನಿಗೆ ಗಾಬರಿಯಾಯಿತು. ಅತ್ತೆ ಅವಳನ್ನು ಗುರುತೇ ಇಲ್ಲದವರ ಹಾಗೆ ದಾಟಿ ಹೋಗಿ, ಕಂಡಕ್ಟರನಿಂದ ಕೊನೆಯ ಸ್ಟಾಪಿಗೆ ಟಿಕೆಟ್ಟು ತೆಗೆದುಕೊಂಡು, ಮುಂದಿನ ಸಾಲಿನಲ್ಲಿ ಕಿಟಕಿ ಪಕ್ಕ ಕೂತರು. ಕನ್ನಡಿಯಲ್ಲಿ ಆಗಾಗ ನೋಡಿದರೆ ಹಣೆಯನ್ನು ಗಾಜಿಗೆ ಒತ್ತಿಕೊಂಡು ಹೊರಗೆ ನೋಡುತ್ತಿದ್ದರು.

ಕೊನೆಯ ಸ್ಟಾಪು ಕೆರೆಯ ದಂಡೆಯಲ್ಲಿ. ಜನ ಇಳಿದರು, ಕಂಡಕ್ಟರು ಚಹಾಕ್ಕೆ ಹೋದ. ಅತ್ತೆ ಕೂತೇ ಇದ್ದರು. ಲಾರಿಯಕ್ಕ ಎಂಜಿನ್ನು ಆರಿಸಿ ಅವರ ಹತ್ತಿರ ಬಂದಳು.

"ಎಲ್ಲಿಗೆ ಹೋಗ್ಬೇಕಿತ್ತು ಅತ್ತೆ?"

"ಎಲ್ಲಿಗೂ ಇಲ್ಲ."

"ಮನೇಲಿ ಯಾರಿದ್ದಾರೆ?"

"ಅವನು ರಜಾ ಹಾಕಿದ್ದಾನಲ್ಲ, ಇದ್ದಾನೆ. ಚಹಾಪುಡಿ ಎಲ್ಲಿ ಅಂದ. ಹುಡುಕು ಅಂದು ಬಂದೆ." ಅತ್ತೆ ಚೀಲದ ಹಿಡಿಯನ್ನು ತಿರುಚುತ್ತಾ ಕೂತರು. "ಅವತ್ತು ಅಷ್ಟು ಕೂಗಿದ್ರೂ ನೀನು ನಿಲ್ಲಲಿಲ್ಲ ನೋಡು, ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮಕ್ಕಳು ಕೂಗ್ತಾ ಇದ್ದಾರೆ, ಇವಳ ಎದೆ ಕಲ್ಲಾ ಅನ್ನಿಸ್ತು. ಅಷ್ಟು ಸಿಟ್ಟಿದ್ದವಳು ಆ ಹುಡುಗನ ಬಾಯಿ ಯಾಕೆ ಮುಚ್ಚಿದೆ? ಇಷ್ಟು ದಿನ ಅದನ್ನೇ ಯೋಚನೆ ಮಾಡ್ತಿದ್ದೆ. ಅದು ಸಿಟ್ಟಲ್ಲ ಕಣೇ."

"ಮತ್ತೆ?"

"ಹೊಟ್ಟೆಕಿಚ್ಚು."

ಸೊಸೆ ಎದುರಿನ ಸೀಟಿನಲ್ಲಿ ಕೂತಳು.

"ನನ್ನನ್ನೂ ಕರೀತಿದ್ರು. ನಿನ್ನ ಮಾವ, ಅವರ ತಮ್ಮಂದಿರು, ಆಮೇಲೆ ಇವನು. ನಾನು ಒಂದು ಸಲವೂ ತಿರುಗದೆ ಇರಲಿಲ್ಲ. ತಿರುಗದೇನೂ ಇರಬಹುದು ಅಂತ ನನಗೆ ಹೊಳೀಲೇ ಇಲ್ಲ ನೋಡು." ಅತ್ತೆ ಮೂಗು ಒರೆಸಿಕೊಂಡರು. "ಯಾರೂ ಕರೆಯೋದು ಕಡಿಮೆ ಆದ್ಮೇಲೆ ನಾನು ನಿನ್ನನ್ನ ಕರೆಯೋಕೆ ಶುರು ಮಾಡಿದೆ."

ಸೊಸೆ ಅವರ ಕೈ ಹಿಡಿದುಕೊಂಡಳು. ಅತ್ತೆ ಬಹಳ ಹೊತ್ತು ಕೈ ಹಿಡಿಸಿಕೊಂಡು ಕೂರುವವರಲ್ಲ, ಬಿಡಿಸಿಕೊಂಡು ಎದ್ದರು.

"ವಾಪಸ್ ಎಷ್ಟು ಹೊತ್ತಿಗೆ?"

"ಈಗ ಇನ್ನೊಂದು ಸ್ವಲ್ಪ ಹೊತ್ತಲ್ಲಿ."

"ಒಂದು ಸುತ್ತು ನೋಡ್ಕೊಂಡು ಬರ್ತೀನಿ. ಈ ಊರಲ್ಲಿ ಇಷ್ಟು ವರ್ಷ ಇದ್ದು ಇಲ್ಲಿ ಕೆರೆ ಇರೋದೇ ಗೊತ್ತಿರಲಿಲ್ಲ."

ಮೆಟ್ಟಿಲಿಳಿದು, ಕಂಬಿ ಹಿಡಿದುಕೊಂಡು, ಕೆರೆಯ ಪಕ್ಕದ ರಸ್ತೆಯಲ್ಲಿ ಅತ್ತೆ ನಡೆದರು. ಕಂಡಕ್ಟರು ಬಾಯಿ ಒರೆಸಿಕೊಂಡು ಬಂದ, ಜನ ಹತ್ತಿದರು, ಹೊರಡುವ ಹೊತ್ತಾಯಿತು. ಲಾರಿಯಕ್ಕ ಎಂಜಿನ್ನು ಚಾಲೂ ಮಾಡಿ ಕಿಟಕಿಯಿಂದ ತಲೆ ಹೊರಹಾಕಿದಳು. ದೂರದಲ್ಲಿ ಒಂದು ಟೋಪಿ ಅಂಗಡಿಯ ಮುಂದೆ ಅತ್ತೆ ನಿಂತಿದ್ದರು. ಮೊರದಷ್ಟು ಅಗಲದ ಹುಲ್ಲಿನ ಟೋಪಿಯೊಂದನ್ನು ತಲೆಗೆ ಹಾಕಿಕೊಂಡು, ಅಂಗಡಿಯವನು ಹಿಡಿದ ಕನ್ನಡಿಯಲ್ಲಿ ಆ ಕಡೆ ಈ ಕಡೆ ತಿರುಗಿ ನೋಡಿಕೊಳ್ಳುತ್ತಿದ್ದರು. ಅದನ್ನು ತೆಗೆದು ಇನ್ನೊಂದನ್ನು ಹಾಕಿಕೊಂಡರು.

"ಅತ್ತೇ" ಎಂದು ಕೂಗಲು ಅವಳು ಬಾಯಿ ತೆರೆದಳು.

ಕೂಗಲಿಲ್ಲ. ಮುಂದಿನ ಬಸ್ಸು ಹೇಗೂ ಇನ್ನರ್ಧ ಗಂಟೆಗೆ ಇತ್ತು. ತಲೆ ಒಳಗೆ ತೆಗೆದುಕೊಂಡು, ಮೆಲ್ಲಗೆ ಕ್ಲಚ್ಚು ಬಿಟ್ಟು, ಬಸ್ಸು ಹೊರಡಿಸಿದಳು.